148 ಇದ್ದ ಐಕ್ಯೂ 126ಕ್ಕೆ ಇಳಿಯಿತೇ? ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನೂ ಅವನ ಹೆತ್ತವರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಹುಡುಗನಿಗೆ 16 ವರ್ಷ. ಮೈಸೂರಿನಲ್ಲಿ ಮೊದಲ ಪಿಯುಸಿ, ವಿಜ್ಞಾನ. ಎಸ್ಸೆಸ್ಸೆಲ್ಸಿಯಲ್ಲಿ 97 ಪರ್ಸೆಂಟ್ ಬಂದಿತ್ತು. ಅಪ್ಪ ಎಂಜಿನಿಯರ್, ಅಮ್ಮ ಹೈಸ್ಕೂಲ್ ಟೀಚರ್. "ಮೆನ್ಸಾ ಟೆಸ್ಟ್‌ನಲ್ಲಿ ಫೇಲ್ ಆದಾಗಿನಿಂದ ಪುಸ್ತಕ ಮುಟ್ಟಿಲ್ಲ. ಯಾರ ಜೊತೆಗೂ ಮಾತಿಲ್ಲ" ಎಂದು ಅಮ್ಮ ಹೇಳಿದರು. ಮೆನ್ಸಾ ಎಂದರೆ ಐಕ್ಯೂ ಬಹಳ ಹೆಚ್ಚಿರುವವರ ಸಂಘ. ಹುಡುಗ ನೆಲ ನೋಡುತ್ತಾ ಕೂತಿದ್ದ.

ಮೊದಲು ಅವನೊಬ್ಬನ ಜೊತೆ ಮಾತಾಡಿದೆ. ಊಟ, ನಿದ್ದೆ ವಿಚಾರಿಸಿದೆ. ಬದುಕೇ ಬೇಡ ಅನ್ನಿಸಿದ್ದುಂಟಾ ಎಂದು ನೇರವಾಗಿಯೇ ಕೇಳಿದೆ. ಈ ಪ್ರಶ್ನೆಯನ್ನು ಕೇಳಲು ಹೆತ್ತವರು ಹೆದರುತ್ತಾರೆ. ಹೆದರಬೇಕಾಗಿಲ್ಲ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇಲ್ಲ ಎಂದ. ಹೌದು ಎಂದಿದ್ದರೆ ಮಿಕ್ಕ ಮಾತೆಲ್ಲ ಬಿಟ್ಟು ಮೊದಲು ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ನಿದ್ದೆ ಮಾತ್ರ ಪೂರಾ ಕೆಟ್ಟಿತ್ತು. ರಾತ್ರಿ ಎರಡು ಗಂಟೆಯವರೆಗೂ ಮೊಬೈಲ್‌ನಲ್ಲಿ ಐಕ್ಯೂ ಟೆಸ್ಟ್‌ಗಳನ್ನೇ ಬರೆಯುತ್ತಿದ್ದ.

ಕಥೆ ಶುರುವಾಗಿದ್ದು ಅವನಿಗೆ 13 ತುಂಬಿದಾಗ. ಒಂದು ಆನ್‌ಲೈನ್ ಟೆಸ್ಟ್‌ನಲ್ಲಿ 148 ಬಂತು. ಅಪ್ಪ ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ಅಲ್ಲಿಂದ ಅವನು ಮದುವೆ, ನಾಮಕರಣ ಎಲ್ಲ ಕಡೆ "148ರ ಹುಡುಗ". ಹತ್ತನೇ ತರಗತಿಯಲ್ಲಿ ಬರೆಯುವ ಕೈ ತುಂಬಾ ನಿಧಾನ ಎಂದು ಶಾಲೆಯವರು ಹೇಳಿದರು. ಹಾಗಾಗಿ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ವೆಕ್ಸ್ಲರ್ ಎಂಬ ಐಕ್ಯೂ ಪರೀಕ್ಷೆ ಮಾಡಿಸಿದರು. ಬಂದಿದ್ದು 126. ಅಪ್ಪನಿಗೆ ಆಘಾತ. ಸೈಕಾಲಜಿಸ್ಟ್ ತಪ್ಪಿದ್ದಾರೆ ಎಂದು ಮೆನ್ಸಾ ಪರೀಕ್ಷೆಗೆ ಕೂರಿಸಿದರು. ಅಲ್ಲೂ ಅರ್ಹತೆ ಸಿಗಲಿಲ್ಲ.

"ಮೂರು ವರ್ಷದಲ್ಲಿ 22 ಅಂಕ ಬುದ್ಧಿ ಕಳ್ಕೊಂಡಿದ್ದಾನೆ. ಎಲ್ಲಾ ಮೊಬೈಲಿಂದ" ಎಂದರು ಅಪ್ಪ. ಹುಡುಗನ ಎದುರೇ ಹೇಳಿದರು. ಅವನೂ ಅದನ್ನು ನಂಬಿಬಿಟ್ಟಿದ್ದ. ನನಗೆ ಮೊದಲು ಸರಿಮಾಡಬೇಕು ಅನ್ನಿಸಿದ್ದು ಈ ಲೆಕ್ಕವನ್ನೇ. ಮಗನ ಬುದ್ಧಿ ಕರಗುತ್ತಿದೆ ಎಂದು ಮೂವರೂ ನಂಬಿರುವಾಗ ಸಮಾಧಾನದ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಮೂವರನ್ನೂ ಕೂರಿಸಿ ಬಿಳಿ ಹಾಳೆ ತೆಗೆದುಕೊಂಡೆ. ಇವತ್ತಿನ ಐಕ್ಯೂ ಎಂದರೆ ತಲೆಯೊಳಗೆ ಇಷ್ಟು ಬುದ್ಧಿ ಇದೆ ಎಂಬ ಅಳತೆಯಲ್ಲ. ಅದೇ ವಯಸ್ಸಿನವರ ಸಾಲಿನಲ್ಲಿ ನಿಮ್ಮ ಜಾಗ ಎಲ್ಲಿ ಎನ್ನುವುದು. ಸಾಲಿನ ನಡುವೆ ನಿಂತವರಿಗೆ 100 ಎಂದು ಎಲ್ಲರೂ ಒಪ್ಪುತ್ತಾರೆ. ನಡುವಿನಿಂದ ಒಂದು ಹೆಜ್ಜೆ ಮುಂದೆ ಹೋದರೆ ಎಷ್ಟು ಅಂಕ ಕೊಡಬೇಕು ಎನ್ನುವುದನ್ನು ಮಾತ್ರ ಪರೀಕ್ಷೆ ಮಾಡಿದವರು ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದಾರೆ. ವೆಕ್ಸ್ಲರ್‌ನಲ್ಲಿ ಹೆಜ್ಜೆಗೆ 15. ಬ್ರಿಟನ್ನಿನ ಮೆನ್ಸಾ ಬಳಸುತ್ತಾ ಬಂದ ಕ್ಯಾಟೆಲ್ ಪರೀಕ್ಷೆಯಲ್ಲಿ 24. ಹಾಗಾಗಿ ವೆಕ್ಸ್ಲರ್‌ನ 130 ಮತ್ತು ಕ್ಯಾಟೆಲ್‌ನ 148 ಒಂದೇ ಜಾಗ. ನೂರು ಜನರಲ್ಲಿ ಮೊದಲ ಇಬ್ಬರು ನಿಲ್ಲುವ ಜಾಗ ಅದು. ಕ್ರಿಕೆಟ್ ಮೈದಾನದ ಬೌಂಡರಿಯನ್ನು ಮೀಟರ್‌ನಲ್ಲಿ ಹೇಳಿದರೂ ಗಜದಲ್ಲಿ ಹೇಳಿದರೂ ಹಗ್ಗ ಇದ್ದಲ್ಲೇ ಇರುತ್ತದೆ, ಅಲ್ವಾ?

ಹುಡುಗ ಮೊದಲ ಸಲ ತಲೆ ಎತ್ತಿದ. ಫೋನ್ ತೆಗೆದು ಹಳೆಯ ಸ್ಕ್ರೀನ್‌ಶಾಟ್ ಹುಡುಕಿದ. ಕೆಳಗೆ ಸಣ್ಣ ಅಕ್ಷರದಲ್ಲಿ "ಎಸ್‌ಡಿ 24" ಎಂದಿತ್ತು. ಎಸ್‌ಡಿ ಎಂದರೆ ನಾನು ಹೇಳಿದ ಆ ಹೆಜ್ಜೆಯೇ. ವೆಕ್ಸ್ಲರ್‌ನ 126 ಆ ಅಳತೆಯಲ್ಲಿ ಎಷ್ಟಾಗುತ್ತದೆ ಎಂದು ಅವನ ಕೈಲೇ ಲೆಕ್ಕ ಹಾಕಿಸಿದೆ. 26ನ್ನು 15ರಿಂದ ಭಾಗಿಸಿ 24ರಿಂದ ಗುಣಿಸಿದ. ಹತ್ತಿರ ಹತ್ತಿರ 142. ಅಂದರೆ 22 ಅಂಕದ ನಷ್ಟ 6ಕ್ಕೆ ಬಂದು ನಿಂತಿತು. ಆ 6ಕ್ಕೂ ಗಾಬರಿ ಬೇಡ ಎಂದೆ. ಒಳ್ಳೆಯ ಪರೀಕ್ಷೆಯಲ್ಲೂ ಸುಮಾರು 5 ಅಂಕ ಆಚೆ ಈಚೆ ಆಗುತ್ತದೆ, ಅದಕ್ಕೇ ವರದಿಯಲ್ಲಿ ಒಂದು ವ್ಯಾಪ್ತಿ ಕೊಟ್ಟಿರುತ್ತಾರೆ. ಆನ್‌ಲೈನ್ ಟೆಸ್ಟ್‌ನಲ್ಲಂತೂ ನಮ್ಮನ್ನು ಯಾರ ಜೊತೆ ಹೋಲಿಸುತ್ತಿದ್ದಾರೆ ಎಂಬುದೇ ಗೊತ್ತಿರುವುದಿಲ್ಲ.

ಅಪ್ಪ ಸುಮ್ಮನಿದ್ದರು. ಆಮೇಲೆ ಕೇಳಿದರು, "ಹಾಗಾದರೆ 98 ಬೇಕು ಅಂತಾರಲ್ಲ? ಎಸ್ಸೆಸ್ಸೆಲ್ಸಿಯಲ್ಲಿ ಇನ್ನೊಂದು ಪರ್ಸೆಂಟ್ ಬಂದಿದ್ದರೆ ಆಗುತ್ತಿತ್ತಾ?"

ಈ ಗೊಂದಲ ಬಹಳ ಜನರಿಗಿದೆ. ಮೆನ್ಸಾ ಕೇಳುವುದು 98ನೇ ಪರ್ಸೆಂಟೈಲ್. ನೂರು ಜನರಲ್ಲಿ 98 ಜನರಷ್ಟು ಅಥವಾ ಅವರಿಗಿಂತ ಹೆಚ್ಚು ಅಂಕ ಬರಬೇಕು ಎಂದು ಅರ್ಥ. ಶಾಲೆಯ ಪರ್ಸೆಂಟ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಸೇರುವ ದಾರಿ ಎರಡು. ಒಂದು, ಮೇಲ್ವಿಚಾರಕರ ಮುಂದೆ ಕೂತು ಅವರದೇ ಪರೀಕ್ಷೆ ಬರೆಯುವುದು. ಇನ್ನೊಂದು, ಅವರು ಒಪ್ಪುವ ಪರೀಕ್ಷೆಯನ್ನು ಅರ್ಹ ಮನಃಶಾಸ್ತ್ರಜ್ಞರಿಂದ ಮಾಡಿಸಿಕೊಂಡ ವರದಿ ಕೊಡುವುದು. ಮಾರ್ಕ್ಸ್ ಕಾರ್ಡ್, ಕೆಲಸ, ಪದವಿ ಯಾವುದೂ ಬೇಕಿಲ್ಲ. ಅಮೆರಿಕದಲ್ಲಿರುವ ಚಿಕ್ಕಪ್ಪ ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ ಸ್ಯಾಟ್‌ನ ಅಂಕದ ಮೇಲೂ ಸೇರಬಹುದು ಎಂದಿದ್ದರಂತೆ. ಅದೂ ಅರ್ಧ ಮಾತ್ರ ನಿಜ. ಅಮೆರಿಕದ ಮೆನ್ಸಾ ಒಪ್ಪುವುದು 1994ರ ಜನವರಿ ಮುಗಿಯುವ ಮೊದಲು ಬರೆದ ಸ್ಯಾಟ್ ಅಂಕಗಳನ್ನು. ಆಮೇಲೆ ಆ ಪರೀಕ್ಷೆಯ ರೀತಿಯೇ ಬದಲಾಯಿತು.

ಅಷ್ಟರಲ್ಲಿ ಅಪ್ಪ ಇನ್ನೊಂದು ಕಾಗದ ಮುಂದಿಟ್ಟರು. ಮೆನ್ಸಾಗಿಂತ ಮೇಲಿನ ಸಂಘಗಳ ಪಟ್ಟಿ. ಇಂಟರ್‌ಟೆಲ್, 1966ರದ್ದು, ನೂರರಲ್ಲಿ ಒಬ್ಬರಿಗೆ. ಟ್ರಿಪಲ್ ನೈನ್ ಸೊಸೈಟಿ, 1978ರದ್ದು, ಸಾವಿರದಲ್ಲಿ ಒಬ್ಬರಿಗೆ. ಪ್ರೊಮಿಥಿಯಸ್, 30,000ದಲ್ಲಿ ಒಬ್ಬರಿಗೆ. ಮೆಗಾ ಸೊಸೈಟಿ, ಹತ್ತು ಲಕ್ಷದಲ್ಲಿ ಒಬ್ಬರಿಗೆ. ಪಟ್ಟಿಯ ಕೊನೆಗೆ, ದುಡ್ಡು ಕಟ್ಟಿದರೆ ಮನೆಯಲ್ಲೇ ಬರೆದು ಸರ್ಟಿಫಿಕೇಟ್ ಪಡೆಯಬಹುದಾದ ಒಂದು ಸಂಘವೂ ಇತ್ತು. "ಇದಕ್ಕೆ ಸೇರಿಸಿದರೆ ಅವನಿಗೆ ಧೈರ್ಯ ಬರುತ್ತೆ" ಎಂದರು. ಮಗನ ಮೇಲಿನ ಪ್ರೀತಿಯಿಂದಲೇ ಹೇಳಿದ ಮಾತು ಅದು, ನನಗೆ ಅನುಮಾನವಿಲ್ಲ.

ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ಕಾರಣವನ್ನೂ ವಿವರಿಸಿದೆ. ದೊಡ್ಡವರ ವೆಕ್ಸ್ಲರ್ ಪರೀಕ್ಷೆಯ ನಾಲ್ಕನೇ ಆವೃತ್ತಿಯನ್ನು ಅಮೆರಿಕದಲ್ಲಿ ಸುಮಾರು 2,200 ಜನರ ಮೇಲೆ ನಡೆಸಿ ಅಂಕಗಳ ಅಳತೆ ಗೊತ್ತುಮಾಡಿದರು. ಅಂಥ ದೊಡ್ಡ ಕೆಲಸದಲ್ಲೂ ಅಷ್ಟೇ ಜನ. 2,200 ಜನರನ್ನು ನೋಡಿ ಹತ್ತು ಲಕ್ಷದಲ್ಲಿ ಒಬ್ಬರು ಯಾರು ಎಂದು ಹೇಗೆ ಹೇಳುವುದು? ಮೇಲೆ ಹೋದಷ್ಟೂ ಸಂಖ್ಯೆ ಅಂದಾಜಾಗುತ್ತಾ ಹೋಗುತ್ತದೆ. ಮೆಗಾ ಸೊಸೈಟಿಯ ರೊನಾಲ್ಡ್ ಹೋಫ್ಲಿನ್ 48 ಪ್ರಶ್ನೆಗಳ ಒಂದು ಪರೀಕ್ಷೆ ಮಾಡಿದ್ದರು. ಅದು 1985ರಲ್ಲಿ ಆಮ್ನಿ ಎಂಬ ಪತ್ರಿಕೆಯಲ್ಲೇ ಅಚ್ಚಾಯಿತು. ಮನೆಯಲ್ಲಿ ಕೂತು, ಬೇಕಾದಷ್ಟು ಸಮಯ ತೆಗೆದುಕೊಂಡು ಬಿಡಿಸಬಹುದಿತ್ತು. ಒಗಟು ಬಿಡಿಸುವ ಆಸೆ ಇದ್ದವರಿಗೆ ಅದು ಒಳ್ಳೆಯ ಸವಾಲು. ಆದರೆ ಒಂದು ಸಂಖ್ಯೆಯಿಂದ ನೊಂದ 16ರ ಹುಡುಗನಿಗೆ ಇನ್ನೂ ಕಿರಿದಾದ ಬಾಗಿಲು ತೋರಿಸಿದರೆ ಧೈರ್ಯ ಬರುವುದಿಲ್ಲ.

ಮುಂದಿನ ಭೇಟಿಯಲ್ಲಿ ಹುಡುಗನೊಬ್ಬನೇ ಬಂದ. ಮೆನ್ಸಾ ಸೇರಿ ಏನು ಮಾಡಬೇಕು ಎಂದಿದ್ದೆ ಎಂದು ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದ. ಅದರ ತುಂಬಾ ಅಕ್ಷರಗಳು. ಹಲ್ಮಿಡಿ ಶಾಸನದ ಫೋಟೋ ನೋಡಿ 5ನೇ ಶತಮಾನದ ಅಕ್ಷರಗಳನ್ನು ಕಲಿತು, ಆ ಲಿಪಿಯಲ್ಲೇ ದಿನಚರಿ ಬರೆಯುತ್ತಿದ್ದ! ತಾನೇ ಕಟ್ಟಿದ ಗುಪ್ತಲಿಪಿಗಳೂ ಇದ್ದವು. "ಇದನ್ನ ಕಾಲೇಜಲ್ಲಿ ತೋರಿಸಿದ್ರೆ ನಗ್ತಾರೆ. ಅಲ್ಲಿ ಯಾರಾದ್ರೂ ಸಿಗ್ತಾರೆ ಅಂತ ಅಂದ್ಕೊಂಡೆ" ಎಂದ.

ಅಪ್ಪ ಸಂಖ್ಯೆಗಾಗಿ ಪರೀಕ್ಷೆ ಬರೆಸಿದ್ದರು. ಮಗ ಜೊತೆಗಾರರಿಗಾಗಿ ಬರೆದಿದ್ದ. ಸೋತಾಗ ಅವನಿಗೆ ಕೇಳಿಸಿದ್ದು "ನಿನ್ನಂಥವರು ಇಲ್ಲಿದ್ದಾರೆ, ಆದರೆ ನಿನಗೆ ಪ್ರವೇಶವಿಲ್ಲ" ಎಂದು.

ಅವನ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. 1946ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬ್ಯಾರಿಸ್ಟರ್ ರೋಲಂಡ್ ಬೆರಿಲ್ ಮತ್ತು ವಿಜ್ಞಾನಿಯೂ ವಕೀಲರೂ ಆಗಿದ್ದ ಲ್ಯಾನ್ಸೆಲಾಟ್ ವೇರ್ ಮೆನ್ಸಾ ಶುರುಮಾಡಿದರು. ಸದಸ್ಯರಿಗೆ ಒಳ್ಳೆಯ ಒಡನಾಟ ಸಿಗಬೇಕು ಎನ್ನುವುದು ಇವತ್ತಿಗೂ ಅದರ ಉದ್ದೇಶಗಳಲ್ಲಿ ಒಂದು. ಅಲ್ಲಿ ಗೆಳೆಯರನ್ನು ಕಂಡುಕೊಂಡವರನ್ನು ನಾನೂ ಬಲ್ಲೆ. ಆದರೆ ಶಾಸನದ ಹುಚ್ಚಿರುವವರನ್ನು ಹುಡುಕಲು ಐಕ್ಯೂ ಬಾಗಿಲೇ ಬೇಕಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಮುಖ್ಯ ಕಚೇರಿ ಅವನ ಊರಲ್ಲೇ ಇದೆ. ಭಾಷಾವಿಜ್ಞಾನದ ಒಲಿಂಪಿಯಾಡ್ ಎಂಬುದೊಂದು ಇದೆ ಎಂದೂ ಹೇಳಿದೆ. ಅದರ ಭಾರತದ ಸ್ಪರ್ಧೆಗೆ ಪಾಣಿನಿಯ ಹೆಸರಿದೆ. ಗೊತ್ತೇ ಇಲ್ಲದ ಭಾಷೆಯ ಕೆಲವು ವಾಕ್ಯ, ಅವುಗಳ ಅರ್ಥ ಕೊಡುತ್ತಾರೆ. ನಿಯಮವನ್ನು ನಾವೇ ಕಂಡುಹಿಡಿಯಬೇಕು. ಅಂತರರಾಷ್ಟ್ರೀಯ ಹಂತದಲ್ಲಿ ಒಬ್ಬೊಬ್ಬರೇ ಬರೆಯುವ ಸುತ್ತಿಗೆ 5 ಪ್ರಶ್ನೆ, 6 ಗಂಟೆ. 2016ರಲ್ಲಿ ಆ ಸ್ಪರ್ಧೆ ನಡೆದದ್ದು ಮೈಸೂರಿನಲ್ಲೇ. "ಆರು ಗಂಟೆನಾ?" ಎಂದು ಎರಡು ಸಲ ಕೇಳಿದ. ಅಷ್ಟೊಂದಾ ಎಂಬ ಭಯ ಆ ದನಿಯಲ್ಲಿರಲಿಲ್ಲ, ಖುಷಿ ಇತ್ತು.

ಯಾಕೆ ಖುಷಿ ಎಂದು ಸೈಕಾಲಜಿಸ್ಟ್ ವರದಿ ನೋಡಿದಾಗ ಅರ್ಥವಾಯಿತು. ಮನೆಯಲ್ಲಿ ಎಲ್ಲರೂ ಓದಿದ್ದು 126 ಎಂಬ ಒಂದು ಸಾಲು ಮಾತ್ರ. ಒಳಗಿನ ಪುಟಗಳಲ್ಲಿ ನಾಲ್ಕು ಬೇರೆ ಬೇರೆ ಅಂಕಗಳಿದ್ದವು. ಮಾತು ಮತ್ತು ಅರ್ಥಕ್ಕೆ ಸಂಬಂಧಿಸಿದ್ದರಲ್ಲಿ 138. ವೇಗವಾಗಿ ನೋಡಿ ಬರೆಯುವುದರಲ್ಲಿ 97. ಅಂದರೆ ಯೋಚನೆ ಬಹಳ ಮುಂದೆ, ಕೈಯ ವೇಗ ಎಲ್ಲರ ಹಾಗೆ. ಈ ಅಂತರ ಇರುವ ಮಕ್ಕಳಿಗೆ ಗಡಿಯಾರ ನೋಡಿ ಬರೆಯುವ ಪರೀಕ್ಷೆ ಕಷ್ಟ. ಶಾಲೆಯವರು ಕೈ ನಿಧಾನ ಎಂದದ್ದಕ್ಕೆ ಉತ್ತರ ಅಲ್ಲೇ ಇತ್ತು, ಮುಂದೆ ಏನು ಮಾಡಬಹುದು ಎಂಬ ಸಲಹೆಯೂ ಇತ್ತು. ಯಾರೂ ಆ ಪುಟ ತಿರುಗಿಸಿರಲಿಲ್ಲ.

ನನಗೆ ಈ ಪ್ರಕರಣದಲ್ಲಿ ಜಾಸ್ತಿ ನೋವಾದದ್ದು ಇಲ್ಲೇ. 1905ರಲ್ಲಿ ಆಲ್ಫ್ರೆಡ್ ಬಿನೆ ಪ್ಯಾರಿಸ್‌ನಲ್ಲಿ ಮೊದಲ ಪರೀಕ್ಷೆ ಮಾಡಿದ್ದು ಯಾವ ಮಗುವಿಗೆ ಶಾಲೆಯಲ್ಲಿ ಸಹಾಯ ಬೇಕು ಎಂದು ತಿಳಿಯಲು. ನಮ್ಮ ಧಾರವಾಡದಲ್ಲಿ ವಿ.ವಿ. ಕಾಮತ್ 1930ರ ದಶಕದಲ್ಲಿ ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದು ಇಂದಿಗೂ ದೇಶದ ಎಷ್ಟೋ ಕಡೆ ಮಕ್ಕಳಿಗೆ ನೆರವು ಕೊಡಿಸಲು ಅದನ್ನು ಬಳಸುತ್ತಾರೆ. ಈ ಹುಡುಗನನ್ನೂ ಸಹಾಯಕ್ಕಾಗಿಯೇ ಪರೀಕ್ಷೆಗೆ ಕರೆದೊಯ್ದಿದ್ದರು. ಸಂಖ್ಯೆ ಬಂದ ಕೂಡಲೇ ಅದು ಮರೆತುಹೋಯಿತು.

ನಾನು ಕೊಟ್ಟ ಸಲಹೆ ಹೀಗಿತ್ತು. ಹುಡುಗನಿಗೆ: ಐಕ್ಯೂ ಟೆಸ್ಟ್‌ಗಳನ್ನು ಫೋನಿಂದ ತೆಗೆಯುವುದು. ಬರೆದಷ್ಟೂ ಅಭ್ಯಾಸದಿಂದ ಅಂಕ ಏರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ರಾತ್ರಿ ಫೋನ್ ಹಾಲ್‌ನಲ್ಲಿಟ್ಟು ಹನ್ನೊಂದಕ್ಕೆ ಮಲಗುವುದು. ಒಲಿಂಪಿಯಾಡ್‌ನ ಹಳೆಯ ಪ್ರಶ್ನೆಗಳನ್ನು ವಾರಕ್ಕೆ ಒಂದರಂತೆ, ಗಡಿಯಾರ ನೋಡದೆ ಬಿಡಿಸುವುದು. ಮತ್ತು ಆ ನೋಟ್‌ಬುಕ್ಕನ್ನು ಒಬ್ಬರಿಗಾದರೂ ತೋರಿಸುವುದು. ಅವನು ಆರಿಸಿಕೊಂಡದ್ದು ಕನ್ನಡ ಮೇಷ್ಟ್ರನ್ನು.

ಅಪ್ಪನಿಗೆ: ಸಂಖ್ಯೆಯ ಮಾತು ಮನೆಯಲ್ಲೂ ಬೇಡ, ನೆಂಟರ ಮುಂದೂ ಬೇಡ. "ಬುದ್ಧಿ ಕಳ್ಕೊಂಡಿದ್ದಾನೆ" ಎಂದದ್ದು ತಪ್ಪು ಲೆಕ್ಕ ಎಂದು ಮಗನಿಗೆ ನೇರವಾಗಿ ಹೇಳಬೇಕು. ಇದು ಅವರಿಗೆ ಕಷ್ಟವಾಯಿತು. ಗಡಿಯ ಕೆಳಗೆ ಬಿದ್ದವರ ಭವಿಷ್ಯ ಹೇಗಿರುತ್ತದೆ ಎಂದು ಪದೇ ಪದೇ ಕೇಳುತ್ತಿದ್ದರು. ಆಗ ಅಮೆರಿಕದ ಮನಃಶಾಸ್ತ್ರಜ್ಞ ಲೂಯಿಸ್ ಟರ್ಮನ್ ವಿಷಯ ಹೇಳಿದೆ. 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರು ಅತಿ ಬುದ್ಧಿವಂತ ಮಕ್ಕಳನ್ನು ಐಕ್ಯೂ ನೋಡಿ ಆರಿಸಲು ಶುರುಮಾಡಿದರು. ಅಂಕ ಸಾಲದೆ ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್ ಇದ್ದರು. ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಂತು, 1956ರಲ್ಲಿ ಮತ್ತು 1968ರಲ್ಲಿ. ನಿಮ್ಮ ಮಗನಿಗೂ ನೊಬೆಲ್ ಬರುತ್ತದೆ ಎಂದಲ್ಲ, ಆ ಗಡಿ ಭವಿಷ್ಯ ಹೇಳುವುದಿಲ್ಲ ಎಂದಷ್ಟೇ ಎಂದೆ. ಅವತ್ತು ಸಂಜೆಯೇ ಮಗನ ಜೊತೆ ಮಾತಾಡಿದರಂತೆ.

ಅಮ್ಮನ ಪ್ರಶ್ನೆ ಬೇರೆ: ಎಂಟನೇ ತರಗತಿಯ ತಂಗಿಗೂ ಒಮ್ಮೆ ಟೆಸ್ಟ್ ಮಾಡಿಸಬೇಕಾ? ಓದು, ಬರಹ, ಗಮನ, ಗೆಳೆತನ ಯಾವುದರಲ್ಲೂ ತೊಂದರೆ ಇಲ್ಲದಿದ್ದರೆ ಬೇಡ ಎಂದೆ. ಪರೀಕ್ಷೆಯಿಂದ ಏನು ತಿಳಿಯಬೇಕು ಎನ್ನುವುದು ನಮಗೆ ಮೊದಲೇ ಗೊತ್ತಿರಬೇಕು.

ಈಗ ನಿದ್ದೆ ಸುಧಾರಿಸಿದೆ. ಕನ್ನಡ ಮೇಷ್ಟ್ರು ಇನ್ನಿಬ್ಬರು ವಿದ್ಯಾರ್ಥಿಗಳನ್ನು ಪರಿಚಯಿಸಿದ್ದಾರೆ, ಮೂವರೂ ಭಾನುವಾರ ಒಲಿಂಪಿಯಾಡ್ ಪ್ರಶ್ನೆ ಬಿಡಿಸುತ್ತಾರೆ. ಓದು ಇನ್ನೂ ಪೂರ್ತಿ ಹಳಿಗೆ ಬಂದಿಲ್ಲ. ಮೊದಲ ಟೆಸ್ಟ್‌ನಲ್ಲಿ ಅಂಕ ಕಡಿಮೆಯೇ ಬಂದಿವೆ, ಭೌತವಿಜ್ಞಾನದಲ್ಲಿ ಎರಡು ಪ್ರಶ್ನೆಗಳಿಗೆ ಸಮಯ ಸಾಕಾಗಲಿಲ್ಲವಂತೆ. ಬರವಣಿಗೆಯ ವಿಷಯಕ್ಕೆ ವರದಿ ಕೊಟ್ಟ ಸೈಕಾಲಜಿಸ್ಟ್ ಬಳಿಗೇ ಮತ್ತೆ ಕಳಿಸಿದ್ದೇನೆ. ಕೈಬರಹಕ್ಕೆ ಆಕ್ಯುಪೇಷನಲ್ ಥೆರಪಿ ಬೇಕೇ, ಕಾಲೇಜಿನ ಪರೀಕ್ಷೆಗಳಲ್ಲಿ ಹೆಚ್ಚು ಸಮಯ ಕೇಳಬಹುದೇ ಎಂದು ಅವರು ನೋಡುತ್ತಿದ್ದಾರೆ. ಮೆನ್ಸಾ ಪರೀಕ್ಷೆ ಇನ್ನೊಮ್ಮೆ ಬರೆಯುವ ಮಾತನ್ನು ಅವನಿಗೆ 18 ತುಂಬುವವರೆಗೆ ಎತ್ತುವುದಿಲ್ಲ ಎಂದು ಅಪ್ಪ ಒಪ್ಪಿದ್ದಾರೆ. ಆಮೇಲೆ ಬರೆಯುವುದೋ ಬಿಡುವುದೋ ಅವನೇ ತೀರ್ಮಾನಿಸಲಿ ಎಂದಿದ್ದೇನೆ.