ನಿಮಗೆ ಇಷ್ಟವಾದವರನ್ನೂ ಪ್ರಶ್ನಿಸಿ

ಪ್ರಿಯ ಬರಹಗಾರರೇ,

ನೀವು ಕಳಿಸಿದ 'ಒಬ್ಬರ ಸುಳ್ಳು, ಒಬ್ಬರ ಸತ್ಯ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ನಿಮ್ಮನ್ನು ಪತ್ರದ ಕೊನೆಯವರೆಗೆ ಕಾಯಿಸಲು ಮನಸ್ಸಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ನಿಮಗೆ ಬರೆಯುವ ಕೈ ಇದೆ, ಆರಿಸಿಕೊಂಡ ವಿಷಯವೂ ಗಟ್ಟಿಯಾಗಿದೆ. ಹಾಗಾಗಿ ಎರಡು ಸಾಲಿನಲ್ಲಿ ಮುಗಿಸದೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಲೇಖನದ ಹೂರಣ ಇಷ್ಟು. 2020ರಲ್ಲಿ ಅಮೆರಿಕದಲ್ಲಿ ಕೋವಿಡ್ ಹಬ್ಬಿದಾಗ ಇಬ್ಬರು ನಾಯಕರು ಹೆಚ್ಚುಕಡಿಮೆ ದಿನವೂ ಟಿವಿ ಮುಂದೆ ನಿಂತರು. ಒಬ್ಬರು ಅಧ್ಯಕ್ಷ ಡೊನಾಲ್ಡ್ ಟ್ರಂಪ್, ರಿಪಬ್ಲಿಕನ್. ಇನ್ನೊಬ್ಬರು ನ್ಯೂಯಾರ್ಕ್ ಗವರ್ನರ್ ಆಂಡ್ರ್ಯೂ ಕುವೊಮೊ, ಡೆಮಾಕ್ರಟ್. ಟ್ರಂಪ್ ಸುಳ್ಳು ಹೇಳಿದರು, ಪತ್ರಕರ್ತರು ಅವರನ್ನು ಹಿಡಿದು ಕೇಳಿದರು. ಕುವೊಮೊ ನಿಜ ಹೇಳಿದರು, ಪತ್ರಕರ್ತರು ಅವರನ್ನು ಮೆಚ್ಚಿದರು. ಹೀಗೆ ಪತ್ರಿಕೆಗಳು ತಮ್ಮ ಕೆಲಸ ಮಾಡಿದವು ಅನ್ನುತ್ತೀರಿ.

ಮೊದಲ ಭಾಗದಲ್ಲಿ ತಿದ್ದುವುದು ಕಡಿಮೆ. ಮಾರ್ಚ್ 20ರಂದು ಎನ್‌ಬಿಸಿಯ ವರದಿಗಾರ ಪೀಟರ್ ಅಲೆಕ್ಸಾಂಡರ್, ಹೆದರಿರುವ ಜನರಿಗೆ ಏನು ಹೇಳುತ್ತೀರಿ ಎಂದು ಕೇಳಿದಾಗ ಟ್ರಂಪ್ ಅವರ ಮೇಲೆಯೇ ಹರಿಹಾಯ್ದದ್ದನ್ನು ಚೆನ್ನಾಗಿ ಬರೆದಿದ್ದೀರಿ. ಅದು ಸುಲಭದ ಪ್ರಶ್ನೆ. ಧೈರ್ಯ ತುಂಬುವ ನಾಲ್ಕು ಮಾತು ಹೇಳಲು ಅವಕಾಶ ಕೊಟ್ಟ ಪ್ರಶ್ನೆ. ಅದಕ್ಕೂ ಬೈಗುಳ ಸಿಕ್ಕಿತು ಅಂದರೆ, ಓದುಗರಿಗೆ ನೀವು ಬೇರೆ ವಿವರಣೆ ಕೊಡಬೇಕಾಗಿಲ್ಲ. ಆದರೂ ಅದರ ಮುಂದೆ 'ಅಹಂಕಾರಿ', 'ಕ್ರೂರ', 'ಹೃದಯಹೀನ' ಎಂದು ಸೇರಿಸಿದ್ದೀರಿ. ಮೂರನ್ನೂ ತೆಗೆಯಿರಿ.

ಒಂದು ತಪ್ಪೂ ಇದೆ. ಬ್ಲೀಚ್‌ನಂಥ ಸೋಂಕು ನಿವಾರಕವನ್ನು ಕುಡಿಯಿರಿ ಎಂದು ಟ್ರಂಪ್ ಜನರಿಗೆ ಹೇಳಿದರು ಅಂತ ಬರೆದಿದ್ದೀರಿ. ಅವರು ಹಾಗೆ ಹೇಳಲಿಲ್ಲ. ಏಪ್ರಿಲ್ 23ರಂದು, ಅದನ್ನು ಚುಚ್ಚಿ ದೇಹದ ಒಳಗೆ ಸೇರಿಸುವ ದಾರಿ ಇದೆಯೇ ನೋಡಬಹುದಲ್ಲ ಎಂದು ಅಧಿಕಾರಿಗಳ ಕಡೆ ತಿರುಗಿ ಕೇಳಿದರು. ದೇಶದ ಅಧ್ಯಕ್ಷ ಟಿವಿಯಲ್ಲಿ ಹಾಗೆ ಕೇಳಿದ್ದೇ ಗಾಬರಿ ಹುಟ್ಟಿಸುವಂಥದ್ದು. ಅದನ್ನು ಇದ್ದ ಹಾಗೆ ಬರೆದರೆ ಸಾಕು. ಉಬ್ಬಿಸಿ ಬರೆದರೆ ಅವರ ಬೆಂಬಲಿಗರು ಆ ಒಂದು ಸಾಲನ್ನು ಹಿಡಿದುಕೊಂಡು ನಿಮ್ಮ ಇಡೀ ಲೇಖನವನ್ನು ಪಕ್ಕಕ್ಕೆ ತಳ್ಳುತ್ತಾರೆ. ಆಮೇಲೆ ನೀವು ಹೇಳಿದ ನಿಜವನ್ನೂ ಕೇಳುವವರಿರುವುದಿಲ್ಲ.

ಇನ್ನು ಕುವೊಮೊ ವಿಷಯ. ಇಲ್ಲಿ ನಿಮ್ಮ ಮೇಲೆ ನನಗೆ ನಿಜವಾಗಿಯೂ ಬೇಸರವಾಯಿತು.

ನಾನೂ ಆ ವರ್ಷ ಅವರ ಮಾತು ಕೇಳುತ್ತಿದ್ದೆ. ಅಂಕಿ, ನಕ್ಷೆ, ಶಾಂತ ದನಿ. ಕೇಳಿದರೆ ಸಮಾಧಾನವಾಗುತ್ತಿತ್ತು. ನಿಮ್ಮ ಮೆಚ್ಚುಗೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಆದರೆ ನಾವು ಬರೆಯುತ್ತಿರುವುದು ಈಗ. ಆಮೇಲೆ ಏನಾಯಿತು ಅನ್ನುವುದು ನಮಗೆ ತಿಳಿದಿದೆ. ನೀವು ಅದಕ್ಕೆ ಕೊಟ್ಟಿರುವುದು ಒಂದೇ ಸಾಲು: 'ನರ್ಸಿಂಗ್ ಹೋಮ್‌ಗಳ ಬಗ್ಗೆ ವಿರೋಧಿಗಳು ಕೆಲವು ಟೀಕೆ ಮಾಡಿದರು.' ನಿಮ್ಮ ಲೇಖನ ಶುರುವಾಗಬೇಕಾದದ್ದೇ ಈ ಸಾಲಿನಿಂದ.

ಮೊದಲು ಪದ. ನಮ್ಮ ಓದುಗರಿಗೆ ನರ್ಸಿಂಗ್ ಹೋಮ್ ಅಂದರೆ ಚಿಕ್ಕ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದು ಹೆಚ್ಚಾಗಿ ವಯಸ್ಸಾದವರು, ದೀರ್ಘ ಆರೈಕೆ ಬೇಕಾದವರು ಉಳಿದುಕೊಳ್ಳುವ ಜಾಗ. ಇದನ್ನು ಹೇಳದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. 'ಆರೈಕೆ ಕೇಂದ್ರ' ಅನ್ನಿ.

2020ರ ಮಾರ್ಚ್ 25ರಂದು ನ್ಯೂಯಾರ್ಕ್ ಆರೋಗ್ಯ ಇಲಾಖೆ ಒಂದು ಆದೇಶ ಹೊರಡಿಸಿತು. ಆಸ್ಪತ್ರೆಯಿಂದ ಬರುವವರಿಗೆ ಕೋವಿಡ್ ಇದೆ ಅನ್ನುವ ಒಂದೇ ಕಾರಣಕ್ಕೆ ಆರೈಕೆ ಕೇಂದ್ರಗಳು ಅವರನ್ನು ಬೇಡ ಅನ್ನುವ ಹಾಗಿರಲಿಲ್ಲ. ಆಸ್ಪತ್ರೆಗಳಲ್ಲಿ ಹಾಸಿಗೆ ಸಾಲುವುದಿಲ್ಲ ಅನ್ನುವ ಭಯದ ದಿನಗಳು ಅವು. ಮೇ ತಿಂಗಳಲ್ಲಿ ಆ ನಿಯಮವನ್ನು ಬದಲಿಸಿದರು. ಸಾವುಗಳೆಲ್ಲ ಆ ಆದೇಶದಿಂದಲೇ ಆದವು ಎಂದು ಮಾತ್ರ ಬರೆಯಬೇಡಿ. ಸಿಬ್ಬಂದಿಯಿಂದಲೂ ಸೋಂಕು ಒಳಗೆ ಬಂದಿತ್ತು. ಆ ವಾದ ಇನ್ನೂ ತೀರಿಲ್ಲ.

ಲೆಕ್ಕದ ವಿಷಯ ಹಾಗಲ್ಲ. ಆರೈಕೆ ಕೇಂದ್ರದ ಒಳಗೇ ಸತ್ತವರನ್ನು ಮಾತ್ರ ರಾಜ್ಯ ಸರ್ಕಾರ ಆ ಕೇಂದ್ರಗಳ ಸಾವಿನ ಪಟ್ಟಿಯಲ್ಲಿ ತೋರಿಸಿತು. ಅಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆಗೆ ಸಾಗಿಸಿದ ಮೇಲೆ ಸತ್ತವರು ಆ ಪಟ್ಟಿಗೆ ಬರಲಿಲ್ಲ. ರಾಜ್ಯದ ಒಟ್ಟು ಲೆಕ್ಕದಲ್ಲಿ ಅವರು ಇದ್ದರು, ಈ ಪಟ್ಟಿಯಲ್ಲಿ ಇರಲಿಲ್ಲ. ಇದನ್ನು ಬಿಡಿಸಿ ಹೇಳದೆ 'ಹೆಣ ಮುಚ್ಚಿಟ್ಟರು' ಅಂದರೆ ಅದೂ ತಪ್ಪೇ. ಆಗಸ್ಟ್‌ನಲ್ಲಿ ಶಾಸಕಾಂಗದ ವಿಚಾರಣೆಯಲ್ಲಿ ಕೇಳಿದರೂ ಆರೋಗ್ಯ ಆಯುಕ್ತ ಹೊವರ್ಡ್ ಝುಕರ್ ಆ ಸಂಖ್ಯೆ ಕೊಡಲಿಲ್ಲ. ಅಲ್ಲಿ ಅವರನ್ನು ಗಟ್ಟಿಯಾಗಿ ಹಿಡಿದು ಕೇಳಿದವರಲ್ಲಿ ಒಬ್ಬರು ಶಾಸಕ ಗುಸ್ತಾವೊ ರಿವೇರಾ. ಅವರು ಕುವೊಮೊ ಪಕ್ಷದವರೇ. ಕೊನೆಗೆ 2021ರ ಜನವರಿ 28ರಂದು ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್, ಈ ಸಾವುಗಳ ಲೆಕ್ಕ ಶೇಕಡಾ 50ರವರೆಗೂ ಕಡಿಮೆ ಇರಬಹುದು ಎಂದು ವರದಿ ಕೊಟ್ಟರು. ಅವರೂ ಡೆಮಾಕ್ರಟ್. ಅದೇ ದಿನ ಸರ್ಕಾರ ಹೊಸ ಅಂಕಿ ಬಿಟ್ಟಿತು. 8,500ಕ್ಕಿಂತ ಜಾಸ್ತಿ ಇದ್ದದ್ದು 12,743 ಆಯಿತು.

'ವಿರೋಧಿಗಳ ಟೀಕೆ' ಅಂದಿರಲ್ಲ, ಇವರು ಯಾರು ವಿರೋಧಿಗಳು?

ಮುಂದಿನ ತಿಂಗಳು ಬಂದ ಸುದ್ದಿಯನ್ನು ನೀವು ಮುಟ್ಟಿಯೇ ಇಲ್ಲ. ಕುವೊಮೊ ಅವರ ಆಪ್ತ ಅಧಿಕಾರಿ ಮೆಲಿಸ್ಸಾ ಡಿರೋಸಾ, ಡೆಮಾಕ್ರಟ್ ಶಾಸಕರ ಜೊತೆಗಿನ ಖಾಸಗಿ ಮಾತುಕತೆಯಲ್ಲಿ, ಅಂಕಿಗಳನ್ನು ತಡೆಹಿಡಿದದ್ದು ಯಾಕೆ ಎಂದು ಹೇಳಿದರು. ಟ್ರಂಪ್ ಸರ್ಕಾರದ ನ್ಯಾಯ ಇಲಾಖೆ ಅದನ್ನು ತಮ್ಮ ವಿರುದ್ಧ ಬಳಸಬಹುದು ಅನ್ನುವ ಭಯವಂತೆ. ಭಯ ಪೂರ್ತಿ ಸುಳ್ಳೂ ಅಲ್ಲ. 2020ರ ಆಗಸ್ಟ್‌ನಲ್ಲಿ ಆ ಇಲಾಖೆ ಲೆಕ್ಕ ಕೇಳಿದ್ದು ನಾಲ್ಕು ರಾಜ್ಯಗಳನ್ನು, ನಾಲ್ಕರಲ್ಲೂ ಡೆಮಾಕ್ರಟ್ ಗವರ್ನರ್‌ಗಳು. ಒಂದು ಪಕ್ಷ ಸಾವಿನ ಲೆಕ್ಕವನ್ನು ಆಯುಧ ಮಾಡಿಕೊಳ್ಳಲು ಹೊರಟಿತು, ಇನ್ನೊಂದು ಪಕ್ಷ ಆಯುಧ ಸಿಗಬಾರದು ಅಂತ ಲೆಕ್ಕವನ್ನೇ ಬಚ್ಚಿಟ್ಟಿತು. ನಡುವೆ ಅಪ್ಪ ಅಮ್ಮನನ್ನು ಕಳೆದುಕೊಂಡವರು ಇದ್ದರು. ಅವರಿಗೆ ಬೇಕಿದ್ದದ್ದು ನಿಜ ಸಂಖ್ಯೆ ಅಷ್ಟೇ. ನಿಮ್ಮ ಲೇಖನದಲ್ಲಿ ಇವರೆಲ್ಲಿ? ಒಂದು ಕಡೆಯೂ ಸಿಗಲಿಲ್ಲ.

ಈ ಸುದ್ದಿ ಹೊರಗೆ ತಂದದ್ದು ಬಲಪಂಥದ ಕಡೆ ವಾಲುವ ನ್ಯೂಯಾರ್ಕ್ ಪೋಸ್ಟ್. ಆ ಪತ್ರಿಕೆ ಹಾಗೇ ಬಿಡಿ ಅನ್ನುವುದು ಸುಲಭ. ಕೇಳಿದವರು ಯಾರು ಅಂತ ನೋಡಿ ಪ್ರಶ್ನೆಯನ್ನು ಬಿಸಾಡುವ ಅಭ್ಯಾಸ ನಮ್ಮೆಲ್ಲರಲ್ಲೂ ಇದೆ. ನಿಮ್ಮ ಲೇಖನವೂ ಅದನ್ನೇ ಮಾಡಿದೆ. ಹಾಗೆಯೇ ಮೆಚ್ಚಿದವರನ್ನೂ ನೋಡಿ. ಸಿಎನ್‌ಎನ್‌ನಲ್ಲಿ ಕುವೊಮೊ ಅವರನ್ನು ಸಂದರ್ಶಿಸುತ್ತಿದ್ದದ್ದು ಸ್ವಂತ ತಮ್ಮ ಕ್ರಿಸ್. ದಿನವೂ ಜನ ಸಾಯುತ್ತಿದ್ದರು, ಅಣ್ಣತಮ್ಮ ಕೋವಿಡ್ ಪರೀಕ್ಷೆಯ ಕಡ್ಡಿಯಂಥ ದೊಡ್ಡ ಹತ್ತಿಕಡ್ಡಿ ಹಿಡಿದು ತಮಾಷೆ ಮಾಡಿದರು. ನವೆಂಬರ್‌ನಲ್ಲಿ ಕುವೊಮೊ ಪತ್ರಿಕಾಗೋಷ್ಠಿಗಳಿಗೆ ಇಂಟರ್‌ನ್ಯಾಷನಲ್ ಎಮ್ಮಿ ಎಂಬ ಟಿವಿ ಪ್ರಶಸ್ತಿ ಬಂತು. ನೀವು ಇದನ್ನು ಹೆಮ್ಮೆಯಿಂದ ಬರೆದಿದ್ದೀರಿ. 2021ರ ಆಗಸ್ಟ್‌ನಲ್ಲಿ, ಲೈಂಗಿಕ ಕಿರುಕುಳದ ವರದಿ ಬಂದು ಅವರು ರಾಜೀನಾಮೆ ಕೊಟ್ಟ ಮೇಲೆ, ಆ ಪ್ರಶಸ್ತಿಯನ್ನು ವಾಪಸ್ ಪಡೆದದ್ದನ್ನು ಬರೆದಿಲ್ಲ. ಗೊತ್ತಿರಲಿಲ್ಲವೇ, ಬೇಡ ಅನ್ನಿಸಿತೇ?

ಕೆಲಸ ಹೇಗೆ ಮಾಡಬೇಕು ಅಂತ ಕೇಳಿದರೆ ನಮ್ಮ ದೇಶದ್ದೇ ಒಂದು ಉದಾಹರಣೆ ಕೊಡುತ್ತೇನೆ. 2021ರ ಮೇ ತಿಂಗಳಲ್ಲಿ ಗುಜರಾತಿನ ದಿವ್ಯ ಭಾಸ್ಕರ್ ಪತ್ರಿಕೆ ಮರಣ ಪ್ರಮಾಣಪತ್ರಗಳನ್ನು ಎಣಿಸಿತು. ಮಾರ್ಚ್ 1ರಿಂದ ಮೇ 10ರವರೆಗೆ ಸುಮಾರು 1.23 ಲಕ್ಷ. ಹಿಂದಿನ ವರ್ಷ ಅದೇ ಅವಧಿಯಲ್ಲಿ ಸುಮಾರು 58,000. ಸರ್ಕಾರ ಆ ದಿನಗಳಲ್ಲಿ ಕೋವಿಡ್ ಸಾವು ಎಂದು ಒಪ್ಪಿದ್ದು 4,218. ಹೆಚ್ಚಾದವೆಲ್ಲ ಕೋವಿಡ್ ಸಾವು ಎಂದು ಇದರಿಂದ ಸಾಬೀತಾಗುವುದಿಲ್ಲ. ಸರ್ಕಾರವೂ ಆ ವರದಿಯನ್ನು ಒಪ್ಪಲಿಲ್ಲ. ಆದರೆ ಉತ್ತರ ಕೊಡಲೇಬೇಕಾಯಿತು, ಯಾಕಂದರೆ ಅವು ಸರ್ಕಾರದ್ದೇ ಕಾಗದಗಳು. ಅದರಲ್ಲಿ ಬೈಗುಳ ಬೇಕಾಗಲಿಲ್ಲ. ಮೂರು ಸಂಖ್ಯೆ ಪಕ್ಕಪಕ್ಕದಲ್ಲಿ ಇಟ್ಟರು, ಅಷ್ಟೇ.

ಚಿಕ್ಕ ವಿಷಯಗಳು ಕೆಲವು. 'ಪತ್ರಿಕಾರಂಗ ಪ್ರಜಾಪ್ರಭುತ್ವದ ನಾಲ್ಕನೇ ಕಂಬ' ಅನ್ನುವ ಆರಂಭ ಬೇಡ, ಅದನ್ನು ಓದಿ ಓದಿ ಎಲ್ಲರಿಗೂ ಸಾಕಾಗಿದೆ. ಪತ್ರಕರ್ತ ಬಾಬ್ ವುಡ್‌ವರ್ಡ್ ಅವರನ್ನು ಹೊಗಳಿದ್ದೀರಿ. ರೋಗ ಎಷ್ಟು ಅಪಾಯಕಾರಿ ಅಂತ ಟ್ರಂಪ್ ಅವರಿಗೆ ಹೇಳಿದ್ದು ಫೆಬ್ರವರಿ 7ರಂದು, ಜನರಿಗೆ ಆ ಮಾತಿನ ಧ್ವನಿಮುದ್ರಣ ಕೇಳಿಸಿದ್ದು ಸೆಪ್ಟೆಂಬರ್‌ನಲ್ಲಿ. ಟ್ರಂಪ್ ಹೇಳಿದ್ದು ನಿಜವೇ ಎಂದು ಪರೀಕ್ಷಿಸಲು ಸಮಯ ಬೇಕಿತ್ತು ಅನ್ನುವುದು ವುಡ್‌ವರ್ಡ್ ಉತ್ತರ. ಆ ಉತ್ತರ ಸಾಕೇ? ನಿಮ್ಮ ಅಭಿಪ್ರಾಯ ಏನೇ ಇರಲಿ, ಪ್ರಶ್ನೆಯಂತೂ ಲೇಖನದಲ್ಲಿ ಬರಬೇಕು. ಪತ್ರಕರ್ತರನ್ನೂ ಕೇಳಬೇಕು, ಅಲ್ವಾ?

ಟ್ರಂಪ್ ಮೇಲಿನ ಟೀಕೆಯನ್ನು ಸುಮ್ನೆ ಮೆತ್ತಗೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಎರಡೂ ಕಡೆ ಸಮಾನ ತಪ್ಪು ಅಂತ ತೂಗಿ ಕೊಡಿ ಅಂತಲೂ ಅಲ್ಲ, ತಪ್ಪುಗಳು ಯಾವತ್ತೂ ಸಮ ತೂಗುವುದಿಲ್ಲ. ಟ್ರಂಪ್‌ಗೆ ಹಾಕಿದ ಪ್ರಶ್ನೆಗಳನ್ನೇ ಕುವೊಮೊಗೂ ಹಾಕಿ ನೋಡಿ. ಏನು ಗೊತ್ತಿತ್ತು, ಯಾವಾಗ ಗೊತ್ತಿತ್ತು, ಜನರಿಗೆ ಯಾವಾಗ ಹೇಳಿದರು. ಬಂದ ಉತ್ತರ ನಿಮಗೆ ಹಿಡಿಸದಿದ್ದರೂ ಬರೆಯಿರಿ.

ಹೊಸದಾಗಿ ಬರೆಯುವ ಮೊದಲು ಮಾರ್ಚ್ 25ರ ಆ ಆದೇಶವನ್ನೂ ಜೇಮ್ಸ್ ವರದಿಯನ್ನೂ ನೀವೇ ಓದಿ. ಬೇರೆಯವರು ಅದರ ಬಗ್ಗೆ ಬರೆದದ್ದನ್ನಲ್ಲ, ಮೂಲವನ್ನೇ. ಓದಿ ಆದ ಮೇಲೆ ಮೊದಲ ಪುಟ ಮಾತ್ರ ಬರೆದು ಕಳಿಸಿ. ಅದನ್ನು ನೋಡಿ ಮುಂದಿನದನ್ನು ಒಟ್ಟಿಗೆ ಕೂತು ಯೋಚಿಸೋಣ.

ನಿಮ್ಮ,
ಸಂಪಾದಕ