ಸಮುದಾಯ ರೇಡಿಯೋ ಬಗ್ಗೆ ಪಿಎಚ್‌ಡಿ ಮಾಡಿದರೆ ಬದುಕು ನಡೆಯುತ್ತದಾ?

ಪತ್ರಿಕೋದ್ಯಮದಲ್ಲಿ ಎಂಎ ಮುಗಿಸುತ್ತಿದ್ದೀರಿ, ಸಮುದಾಯ ರೇಡಿಯೋ (ಸ್ಥಳೀಯರಿಗಾಗಿ ಸಂಸ್ಥೆಗಳು ನಡೆಸುವ ಸಣ್ಣ ರೇಡಿಯೋ) ಮತ್ತು ಸ್ವತಂತ್ರ ಮಾಧ್ಯಮದ ಸಂಶೋಧನೆಗೆ ಇಳಿಯಬಹುದಾ ಅಂತ ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಾ ಬಂದವನು. ಇಳಿಯಿರಿ. ಆದರೆ ಮೊದಲು ಎನ್‌ಇಟಿ, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಿರಿ. ಅದರಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಶಿಷ್ಯವೇತನ) ಸಿಕ್ಕಿದರೆ ಮನೆಯವರ ಎದುರು ಕೈ ಚಾಚಬೇಕಾಗಿಲ್ಲ. ನನಗೆ ಅದು ಸಿಗಲಿಲ್ಲ, ಆರು ವರ್ಷ ಅತಿಥಿ ಉಪನ್ಯಾಸಕನಾಗಿ ದುಡಿದೆ. ಆ ವರ್ಷಗಳು ಕಷ್ಟದವು.

ಈ ಕೆಲಸ ಎಂಥದ್ದು ಅಂತ ನನಗೆ ಗೊತ್ತಾದದ್ದು ಬೀಡಿ ಕಟ್ಟುವ ಒಬ್ಬ ಅಮ್ಮನ ಜಗಲಿಯಲ್ಲಿ. ನಲವತ್ತೆರಡು ಪ್ರಶ್ನೆಗಳ ಹಾಳೆ ಹಿಡಿದುಕೊಂಡು ಹೋಗಿದ್ದೆ. ಅವರ ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪು, ಕತ್ತರಿ. ಪಕ್ಕದಲ್ಲಿ ರೇಡಿಯೋ. ಕೈಗೆ ಬಿಡುವಿಲ್ಲ, ಕಿವಿಗೆ ಇದೆ. ‘ದಿನಕ್ಕೆ ಎಷ್ಟು ಗಂಟೆ ಕೇಳುತ್ತೀರಿ?’ ಅಂದೆ. ‘ಐನೂರು ಬೀಡಿ ಆಗುವಷ್ಟು ಹೊತ್ತು’ ಅಂದರು. ನನ್ನ ಹಾಳೆಯಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ. ಹಾಳೆ ಮಡಚಿಟ್ಟೆ. ಮುಂದೆ ಎರಡು ವರ್ಷ ಸುಮ್ನೆ ಕೂತು ಕೇಳಿದ್ದೇ ಜಾಸ್ತಿ. ನನ್ನ ಪ್ರಬಂಧದಲ್ಲಿ ಏನಾದರೂ ಗಟ್ಟಿ ಇದ್ದರೆ ಅದು ಅಲ್ಲಿಂದ ಬಂದದ್ದು.

ಹಿನ್ನೆಲೆ ಓದಲೇಬೇಕು. ರೇಡಿಯೋ ತರಂಗಗಳು ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಆದರೂ ಸಮುದಾಯ ರೇಡಿಯೋ ಪರವಾನಗಿ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗಷ್ಟೇ ತೆರೆಯಿತು, ಸ್ವಯಂಸೇವಾ ಸಂಸ್ಥೆಗಳಿಗೆ 2006ರಲ್ಲಿ. ಅಷ್ಟು ದಿನ ಕಾಯಲಾಗದೆ ಕೋಲಾರದ ಬೂದಿಕೋಟೆಯ ಜನ ‘ನಮ್ಮ ಧ್ವನಿ’ಯನ್ನು ಕೇಬಲ್ ಮೂಲಕ ಮನೆಮನೆಗೆ ತಲುಪಿಸಿದರು! ಇವತ್ತಿಗೂ ಸಮುದಾಯ ರೇಡಿಯೋ ತನ್ನದೇ ಸುದ್ದಿ ಓದುವ ಹಾಗಿಲ್ಲ, ಆಕಾಶವಾಣಿಯ ಸುದ್ದಿಯನ್ನು ಹಾಗೇ ಬಿತ್ತರಿಸಬಹುದು ಅಷ್ಟೆ. ತಮ್ಮ ಪಂಚಾಯಿತಿಯ ಸುದ್ದಿಯನ್ನು ತಮ್ಮದೇ ರೇಡಿಯೋದಲ್ಲಿ ಕೇಳಲಾಗದು ಅಂದರೆ ಅನ್ಯಾಯ ಅಲ್ವಾ? ಈ ಒಂದು ನಿಯಮದ ಮೇಲೇ ಪಿಎಚ್‌ಡಿ ಮಾಡಬಹುದು.

ವಿಷಯ ಹುಡುಕಿಕೊಂಡು ದೆಹಲಿಗೆ ಹೋಗಬೇಡಿ. ಮಂಗಳೂರಿನ ಸಂತ ಅಲೋಶಿಯಸ್ ಶಿಕ್ಷಣ ಸಂಸ್ಥೆಯಲ್ಲಿ ರೇಡಿಯೋ ಸಾರಂಗ್ 107.8 ಎಫ್‌ಎಂ ಇದೆ. ಅಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿಯೂ ಕೇಳುತ್ತದೆ. ಮಣಿಪಾಲದಲ್ಲಿ ರೇಡಿಯೋ ಮಣಿಪಾಲ್ 90.4 ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದದ್ದು ಇದೇ ಊರಲ್ಲಿ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ‘ಮುಂಗಾರು’. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಓದುಗರಿಂದಲೇ ಷೇರು ಹಣ ಕೂಡಿಸಿ ಮಂಗಳೂರಿನಿಂದ ತಂದ ದಿನಪತ್ರಿಕೆ. ಪತ್ರಿಕೆ ನಿಂತಿತು. ಏಕೆ ನಿಂತಿತು ಅನ್ನುವುದಕ್ಕಿಂತ, ಸಣ್ಣ ಸಂಬಳದವರು ಯಾವ ನಂಬಿಕೆಯಿಂದ ದುಡ್ಡು ಹಾಕಿದರು ಅನ್ನುವುದು ನನಗೆ ದೊಡ್ಡ ಪ್ರಶ್ನೆ. ಆಗ ಷೇರು ಕೊಂಡವರಿಗೆ ಈಗ ವಯಸ್ಸಾಗಿದೆ. ನೀವು ಉಡುಪಿ ಕಡೆಯವರಾದರೆ ನಿಮ್ಮ ಬೀದಿಯಲ್ಲೇ ಒಬ್ಬರು ಸಿಗಬಹುದು. ಗೈಡ್ ಸಿಗುವವರೆಗೆ ಕಾಯಬೇಡಿ, ಈ ಭಾನುವಾರವೇ ಹೋಗಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ.