ಜಿ-ಪ್ರೋಟೀನು ಪೊಟ್ಯಾಸಿಯಂ ಚಾನೆಲ್ ಅನ್ನು ಹೇಗೆ ತೆರೆಯುತ್ತದೆ?

ಕೋಶದ ಒಳಗೆ ಸಂದೇಶ ಒಯ್ಯುವ ಜಿ-ಪ್ರೋಟೀನುಗಳು, ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗುವ ಬಾಗಿಲುಗಳಾದ ಪೊಟ್ಯಾಸಿಯಂ ಚಾನೆಲ್‌ಗಳನ್ನು ಹೇಗೆ ಹಿಡಿತದಲ್ಲಿ ಇಡುತ್ತವೆ ಅಂತ ಕೇಳಿದ್ದೀರಿ. ಮಂಗಳೂರಿನ ನಮ್ಮ ಫಿಸಿಯಾಲಜಿ ತರಗತಿಯಲ್ಲಿ ಇದನ್ನು ಹೃದಯದಿಂದಲೇ ಶುರು ಮಾಡುತ್ತೇವೆ.

ಪಣಂಬೂರು ಬೀಚಲ್ಲಿ ಓಡಿ ಬಂದು ಕೂತರೆ ಎದೆಬಡಿತ ಮೆಲ್ಲಗೆ ಇಳಿಯುತ್ತದೆ ಅಲ್ವಾ? ಅದರಲ್ಲಿ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಪಾಲು ದೊಡ್ಡದು. ಆ ನರ ಸಂದೇಶ ಕೊಡುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಬಿಡುತ್ತದೆ. ಅದು ಹೃದಯದ ಬಡಿತ ಶುರು ಮಾಡುವ ಪೇಸ್‌ಮೇಕರ್ ಕೋಶದ ಎಂ2 ಗ್ರಾಹಕಕ್ಕೆ (ಸಂದೇಶ ಹಿಡಿಯುವ ಪ್ರೋಟೀನಿಗೆ) ಅಂಟಿದ ಕೂಡಲೇ ಒಳಗಿನ ಜಿ-ಪ್ರೋಟೀನು ಎರಡು ಭಾಗವಾಗಿ ಬೇರೆಯಾಗುತ್ತದೆ: ಆಲ್ಫಾ ಒಂದು ಕಡೆ, ಬೀಟಾ-ಗಾಮಾ ಜೋಡಿ ಇನ್ನೊಂದು ಕಡೆ. ಈ ಜೋಡಿ ಪೊರೆಯ ಒಳಮೈಯಲ್ಲೇ ಸರಿದು ಜಿಐಆರ್‌ಕೆ ಎಂಬ ಪೊಟ್ಯಾಸಿಯಂ ಚಾನೆಲ್‌ಗೆ ನೇರವಾಗಿ ಅಂಟುತ್ತದೆ. ಚಾನೆಲ್ ತೆರೆಯುತ್ತದೆ. ಪೊಟ್ಯಾಸಿಯಂ ಹೊರಗೆ ಹರಿದು ಕೋಶದ ಒಳಗು ಇನ್ನೂ ಜಾಸ್ತಿ ನೆಗೆಟಿವ್ ಆಗುತ್ತದೆ. ಮುಂದಿನ ಬಡಿತ ತಡವಾಗುತ್ತದೆ.

ಚಾನೆಲ್ ತೆರೆಯುವುದು ಬೀಟಾ-ಗಾಮಾ ಅಂತ 1987ರಲ್ಲಿ ತೋರಿಸಿದಾಗ ದೊಡ್ಡ ವಾದವೇ ನಡೆಯಿತು. ಅಲ್ಲಿವರೆಗೆ ಕೆಲಸವೆಲ್ಲ ಆಲ್ಫಾದ್ದು ಅಂತಲೇ ಲೆಕ್ಕ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಆಲ್ಫಾ ತನ್ನಲ್ಲಿರುವ ಜಿಟಿಪಿ ಎಂಬ ಅಣುವನ್ನು ಒಡೆದು ಜಿಡಿಪಿ ಮಾಡಿದ ಮೇಲೆ ಜೋಡಿ ವಾಪಸ್ ಅದನ್ನೇ ಸೇರುತ್ತದೆ, ಚಾನೆಲ್ ಮುಚ್ಚುತ್ತದೆ. ಇನ್ನೊಂದು ಮಾತು: ಪೊರೆಯಲ್ಲಿ ಪಿಐಪಿ2 ಎಂಬ ಕೊಬ್ಬು ಇಲ್ಲದಿದ್ದರೆ ಜೋಡಿ ಬಂದು ಅಂಟಿದರೂ ಚಾನೆಲ್ ತೆರೆಯುವುದಿಲ್ಲ.